ಮನೆಯ ಗರಡಿಗೆ ತಕ್ಕ ನೆಲಹಾಸು

ನಮ್ಮ ನಾಡಿನ ಗರಡಿಮನೆಗಳನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಅಲ್ಲಿ ಗದೆ, ಗುಂಡು, ಮಲ್ಲಗಂಬಗಳಿಗಿಂತ ಮೊದಲು ಆರೈಕೆ ದೊರೆಯುವುದು ನೆಲಕ್ಕೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳುಗಳನ್ನು ಆರಿಸಿ ತೆಗೆದು, ಎಣ್ಣೆ, ಅರಿಸಿನ ಮುಂತಾದುವನ್ನು ಬೆರೆಸಿ, ನೀರು ಚಿಮುಕಿಸಿ, ಗುದ್ದಲಿಯಿಂದ ಅಗೆದು ಹದಗೊಳಿಸಿದ ಮೇಲೆಯೇ ಪೈಲ್ವಾನನು ಆ ಮಟ್ಟಿಯೊಳಗೆ ಕಾಲಿಡುವನು. ಬಿದ್ದವನ ಮೂಳೆ ಮುರಿಯದಂತೆ ಕಾಯುವುದು, ನಿಂತವನ ಕಾಲು ಜಾರದಂತೆ ಹಿಡಿಯುವುದು, ಈ ಎರಡೂ ಕೆಲಸಗಳನ್ನು ಆ ಮಣ್ಣು ಮಾಡುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಜಟ್ಟಿಗಳು ಎತ್ತಿದ ಕಲ್ಲನ್ನು ನೆಲಕ್ಕೆ ಕೆಡಹುವಾಗ ಹಿಂದುಮುಂದು ನೋಡುವುದಿಲ್ಲ. ಕೆಳಗೆ ಭೂಮಿತಾಯಿ ಇದ್ದಾಳೆ. ಅವಳ ಕೆಳಗೆ ಮತ್ತಾರ ಮನೆಯೂ ಇಲ್ಲ.

ಮುಂಬಯಿಯಲ್ಲಿ ನೆಲೆಸಿದ ನಮ್ಮ ಸ್ಥಿತಿ ಹಾಗಲ್ಲ. ಇಲ್ಲಿ ನಮ್ಮ ನೆಲವೆಂಬುದು ಇನ್ನೊಬ್ಬರ ಸೂರು. 2020ರ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿ ಕುಳಿತಾಗ ವ್ಯಾಯಾಮಶಾಲೆಗಳೂ ಮುಚ್ಚಿದುವು. ಅಂದಿನಿಂದ ಮೊದಲ್ಗೊಂಡು ಡಂಬೆಲ್ಲು, ಓಡುವ ಪಟ್ಟಿಯ ಟ್ರೆಡ್‌ಮಿಲ್ಲು, ನಿಂತಲ್ಲೇ ತುಳಿಯುವ ಸೈಕಲ್ಲು ಇವು ಎಷ್ಟೋ ಮನೆಗಳ ಒಳಹೊಕ್ಕಿವೆ. ನಮ್ಮ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಹತ್ತಡಿ ಅಗಲದ ಕೋಣೆಯ ಮೂಲೆಯಲ್ಲಿ, ದೇವರ ಮಂಟಪಕ್ಕೂ ಕಪಾಟಿಗೂ ನಡುವೆ, ಇಂತಹ ಯಂತ್ರಗಳು ನಿಂತಿರುವುದನ್ನು ನಾವು ಕಾಣುತ್ತೇವೆ. ಕೊಳ್ಳುವಾಗ ಯಂತ್ರದ ಗುಣದೋಷಗಳನ್ನು ಮನೆಮಂದಿಯೆಲ್ಲ ಕೂಡಿ ಚರ್ಚಿಸಿರುತ್ತಾರೆ. ಅದರ ಕೆಳಗೆ ಏನನ್ನು ಹಾಸಬೇಕೆಂಬುದನ್ನು ಮಾತ್ರ ಅಂಗಡಿಯವನ ಬಾಯಿಗೆ ಬಿಟ್ಟಿರುತ್ತಾರೆ. ನಮ್ಮಲ್ಲಿ ಬಹುಮಂದಿ ಬಾಡಿಗೆಯ ಮನೆಗಳಲ್ಲಿರುವವರು. ಒಡೆದ ಲಾದಿಗೆ ಜೋಡಿಯಾದ ಬಣ್ಣದ ಲಾದಿ ನಾಲ್ಕು ವರ್ಷಗಳ ಅನಂತರ ಯಾವ ಅಂಗಡಿಯಲ್ಲಿಯೂ ಸಿಕ್ಕುವುದು ದುರ್ಲಭ. ಮನೆ ಬಿಡುವ ದಿನ ಮಾಲಿಕನು ಠೇವಣಿಯಲ್ಲಿ ಅದನ್ನು ಮುರಿದುಕೊಳ್ಳುವನು. ಅದಕ್ಕಿಂತಲೂ ಹೆಚ್ಚಿನದು ಕೆಳಮನೆಯವರ ನಿದ್ದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು.

ಈ ಬಗ್ಗೆ ಜನರಲ್ಲಿ ಬೇರೂರಿರುವ ತಪ್ಪು ಕಲ್ಪನೆ ಒಂದೇ. ಹಾಸು ಮೆತ್ತಗಿದ್ದಷ್ಟೂ ಲೇಸು, ದಪ್ಪವಾದಷ್ಟೂ ಲೇಸು ಎಂಬುದೇ ಅದು. ಹಾಸಿಗೆಯ ಗುಣವನ್ನು ನೆಲಹಾಸಿಗೆ ಆರೋಪಿಸಿದುದರ ಫಲವಿದು. ನೆಲಹಾಸಿಗೆ ಮೂರು ಬೇರೆ ಬೇರೆ ಕೆಲಸಗಳುಂಟು: ನಿಂತ ಭಾರವನ್ನು ಹರಡುವುದು, ಬಿದ್ದ ಪೆಟ್ಟನ್ನು ತಾಳುವುದು, ಸದ್ದನ್ನು ಕೆಳಗಿಳಿಯದಂತೆ ತಡೆಯುವುದು. ಒಂದಕ್ಕೆ ತಕ್ಕ ವಸ್ತು ಇನ್ನೊಂದಕ್ಕೆ ತಕ್ಕುದಾಗಿರಬೇಕೆಂಬ ನಿಯಮವಿಲ್ಲ. ನಿಮ್ಮ ಯಂತ್ರಕ್ಕೆ ಇವುಗಳಲ್ಲಿ ಯಾವುದು ಮುಖ್ಯವೆಂದು ಮೊದಲು ತಿಳಿದುಕೊಂಡರೆ ಅಂಗಡಿಯಲ್ಲಿ ಅರ್ಧ ತೊಂದರೆ ಕಳೆಯಿತು.

ಭಾರವನ್ನು ಹರಡುವುದೆಂದರೇನು? ನಮ್ಮ ಹಳ್ಳಿಗಳಲ್ಲಿ ಹೆಂಗಸರು ನೀರಿನ ಕೊಡ ಹೊರುವ ಮುನ್ನ ತಲೆಯ ಮೇಲೆ ಸಿಂಬೆಯನ್ನಿಟ್ಟುಕೊಳ್ಳುತ್ತಾರೆ. ಸಿಂಬೆಯಿಂದ ಕೊಡದ ತೂಕವೇನೂ ತಗ್ಗುವುದಿಲ್ಲ. ಕೊಡದ ಬುಡ ತಲೆಯ ಒಂದೇ ಕಡೆ ಒತ್ತದೆ ಸುತ್ತಲೂ ಹರಡಿಕೊಳ್ಳುತ್ತದೆ, ಅಷ್ಟೆ. ಯಂತ್ರದ ಕಾಲುಗಳಿಗೂ ಇಂತಹದೊಂದು ಸಿಂಬೆ ಬೇಕು. ಟ್ರೆಡ್‌ಮಿಲ್ಲಿನ ತೂಕ 80 ಕಿಲೋ, ಅದರ ಮೇಲಿನವನ ತೂಕ 70 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 150 ಕಿಲೋ. ಯಂತ್ರಕ್ಕೆ ನಾಲ್ಕು ಕಾಲು, ಒಂದೊಂದರ ಅಡಿ 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲವಾದರೆ ನೆಲವನ್ನು ಮುಟ್ಟುವ ಜಾಗ ಒಟ್ಟು 100 ಚದರ ಸೆಂಟಿಮೀಟರ್ ಮಾತ್ರ. ಒಂದು ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಬಿತ್ತು. ಒಂದೊಂದು ಕಾಲಿನ ಕೆಳಗೂ 30 ಸೆಂಟಿಮೀಟರ್ ಚೌಕದ, ಬಾಗದ ಹಲಗೆಯನ್ನಿಟ್ಟರೆ ಜಾಗ 3,600 ಚದರ ಸೆಂಟಿಮೀಟರಾಗುತ್ತದೆ. ಒತ್ತಡ ಮೂವತ್ತಾರರಲ್ಲಿ ಒಂದು ಪಾಲಿಗಿಳಿಯುತ್ತದೆ. ಬಾಗದ ಹಲಗೆ ಎಂದೆವು; ಅದು ಮರೆಯತಕ್ಕ ಮಾತಲ್ಲ. ಮೆತ್ತನೆಯ ಫೋಮು ಭಾರವನ್ನು ಹರಡಲಾರದು. ಕಾಲು ಅದರೊಳಗೆ ಹೂತು ಕೆಳಗಿನ ಲಾದಿಯ ಮೇಲೆಯೇ ನಿಲ್ಲುತ್ತದೆ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನ ಮನೆಯಲ್ಲಿ ಹೀಗೆಯೇ ಆಯಿತು. ಅವನ ಅಣ್ಣನು ಟ್ರೆಡ್‌ಮಿಲ್ಲು ತಂದು, ಒಂದಕ್ಕೊಂದು ಹಲ್ಲು ಕೂಡಿಸುವ ಬಣ್ಣಬಣ್ಣದ ಫೋಮಿನ ಚೌಕಗಳನ್ನು ಹಾಸಿ ಅದರ ಮೇಲೆ ನಿಲ್ಲಿಸಿದನು. ಮೂರು ತಿಂಗಳಲ್ಲಿ ನಾಲ್ಕೂ ಕಾಲುಗಳ ಕೆಳಗೆ ಗುಳಿ ಬಿದ್ದುವು. ಒಂದು ಗುಳಿ ಉಳಿದವಕ್ಕಿಂತ ಆಳ. ಯಂತ್ರ ವಾರೆಯಾಯಿತು, ಪಟ್ಟಿ ಒಂದು ಬದಿಗೆ ಸರಿದು ಅಂಚಿಗೆ ಉಜ್ಜತೊಡಗಿತು. ರಿಪೇರಿಯವನು ಎರಡು ಸಲ ಬಂದು ಪಟ್ಟಿಯನ್ನು ಬಿಗಿಮಾಡಿ ಹಣ ಪಡೆದು ಹೋದನು. ಬಗ್ಗಿ ನೆಲವನ್ನು ನೋಡಿದವಳು ಕೊನೆಗೆ ಹುಡುಗನ ತಾಯಿ.

ಇನ್ನು ಪೆಟ್ಟಿನ ವಿಚಾರ. ಇದನ್ನು ವಿದ್ಯಾರ್ಥಿಗಳು ಕ್ರಿಕೆಟ್ಟಿನ ಮೈದಾನದಲ್ಲಿ ಬಲ್ಲರು. ವೇಗವಾಗಿ ಬಂದ ಚೆಂಡನ್ನು ಹಿಡಿಯುವವನು ಕೈಯನ್ನು ಚೆಂಡಿನೊಡನೆ ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಕೈಯನ್ನು ಗೋಡೆಯಂತೆ ಚಾಚಿ ನಿಂತರೆ ಅಂಗೈ ಉರಿಯುವುದು. ಬಿದ್ದ ವಸ್ತು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. 10 ಕಿಲೋ ಡಂಬೆಲ್ಲು ಅರ್ಧ ಮೀಟರ್ ಎತ್ತರದಿಂದ ಕೈಜಾರಿತೆನ್ನಿ. ಗಟ್ಟಿ ಲಾದಿಯ ಮೇಲೆ ಅದು ಒಂದು ಮಿಲಿಮೀಟರಿನೊಳಗೆ ನಿಂತರೆ, ಬಿದ್ದ ಎತ್ತರ ನಿಂತ ದೂರದ 500 ಪಟ್ಟು. ಸರಾಸರಿ ಬಲವೂ ತೂಕದ ಸುಮಾರು 500 ಪಟ್ಟು, ಎಂದರೆ 5,000 ಕಿಲೋ ಭಾರದಷ್ಟು. ಲಾದಿ ಒಡೆಯದೆ ಏನು ಮಾಡೀತು? ಅದೇ ಡಂಬೆಲ್ಲು ರಬ್ಬರಿನ ಹಾಸನ್ನು 5 ಮಿಲಿಮೀಟರಿನಷ್ಟು ಅದುಮಿ ನಿಂತರೆ ಬಲ 1,000 ಕಿಲೋ ಭಾರದಷ್ಟಕ್ಕೆ ಇಳಿಯುವುದು, ಮತ್ತು ಆ ಬಲ ಒಂದು ಬಿಂದುವಿನಲ್ಲಿ ಕುಟ್ಟದೆ ಅಗಲವಾಗಿ ಹಂಚಿಹೋಗುವುದು. ಆದರೆ ಹಾಸು ತೀರ ಮೆತ್ತಗಿದ್ದು, ಡಂಬೆಲ್ಲಿನ ಅಂಚು ಅದನ್ನು ಪೂರ್ಣವಾಗಿ ಅದುಮಿ ತಳವನ್ನು ಮುಟ್ಟಿಬಿಟ್ಟರೆ ಹಾಸಿದ್ದೂ ಹಾಸದಿದ್ದಂತೆಯೇ. ಅದುಮಲ್ಪಡಬೇಕು, ತಳ ಮುಟ್ಟಕೂಡದು. ಈ ಎರಡರ ನಡುವಿನ ಗುಣವುಳ್ಳದ್ದು ತೂಕವಾದ, ಒತ್ತಾದ ರಬ್ಬರು.

ಮೂರನೆಯದು ಸದ್ದು. ಮಾತಿನ ಸದ್ದು ಗಾಳಿಯಲ್ಲಿ ಹರಿಯುವುದು. ಬಾಗಿಲು ಮುಚ್ಚಿದರೆ ಕುಗ್ಗುವುದು. ಕುಟ್ಟುವ ಸದ್ದು ಹಾಗಲ್ಲ. ಅದು ಸಿಮೆಂಟು ಕಬ್ಬಿಣಗಳೊಳಗೇ ಓಡಿ, ಕೆಳಮನೆಯ ಸೂರಿನಿಂದಲೂ ಗೋಡೆಗಳಿಂದಲೂ ಹೊರಬೀಳುತ್ತದೆ. ಚಾಳುಗಳಲ್ಲಿ ಬಾಳಿದ ನಮ್ಮ ಹಿರಿಯ ಹೆಂಗಸರಿಗೆ ಇದು ಪುಸ್ತಕವಿಲ್ಲದೆಯೇ ತಿಳಿದಿತ್ತು. ಮಸಾಲೆ ಕುಟ್ಟುವಾಗ ಕುಟ್ಟಾಣಿಯ ಕೆಳಗೆ ಗೋಣಿತಟ್ಟನ್ನು ನಾಲ್ಕಾಗಿ ಮಡಿಚಿ ಹಾಕುತ್ತಿದ್ದರು. ಸದ್ದನ್ನು ಹುಟ್ಟಿದಲ್ಲಿಯೇ ತಡೆಯಬೇಕೆಂಬ ತತ್ವವೆಲ್ಲವೂ ಆ ಗೋಣಿತಟ್ಟಿನಲ್ಲಿದೆ. ಒಮ್ಮೆ ಅದು ನೆಲದೊಳಗೆ ಇಳಿಯಿತೆಂದರೆ ಕೆಳಗಿನವರು ಏನು ಮಾಡಿಯೂ ತಡೆಯಲಾರರು.

ನಾವಿರುವ ಕಟ್ಟಡದಲ್ಲಿ ಆಸ್ಪತ್ರೆಯ ದಾದಿಯೊಬ್ಬರಿದ್ದಾರೆ. ವಾರವಿಡೀ ರಾತ್ರಿಪಾಳಿ ಮುಗಿಸಿ ಬೆಳಗಿನ ಏಳಕ್ಕೆ ಬಂದು ಮಲಗುವರು. ಅವರ ನೆತ್ತಿಯ ಮೇಲಿನ ಮನೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಏಳೂವರೆಗೆ ಹಗ್ಗದಾಟ ಆರಂಭಿಸುತ್ತಿದ್ದನು. ಅವನ ತಂದೆ ಅದೇ ಹೊತ್ತಿಗೆ ಓಡುವರು. ಆಕೆ ಜಗಳ ಕಾಯಲಿಲ್ಲ. ಒಂದು ದಿನ ಮೆಟ್ಟಿಲ ಬಳಿ ನಮ್ಮನ್ನು ನಿಲ್ಲಿಸಿ, “ಮಾಸ್ತರೇ, ನಿಮ್ಮ ಹುಡುಗನಿಗೆ ನೀವೊಂದು ಮಾತು ಹೇಳಿ. ಅವನು ಜಿಗಿಯಲಿ, ಬೇಡವೆನ್ನುವುದಿಲ್ಲ. ನಾನು ಏಳುವತನಕ ತಾಳಲಿ” ಎಂದರು. ಆ ಮನೆಯವರು ಸಜ್ಜನರು. ಯಂತ್ರವನ್ನು ಕೋಣೆಯ ನಡುವಿನಿಂದ ತೊಲೆಯಿರುವ ಗೋಡೆಯ ಪಕ್ಕಕ್ಕೆ ಸರಿಸಿದರು. ಕೆಳಗೆ ರಬ್ಬರು, ಅದರ ಮೇಲೆ ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಮತ್ತೊಂದು ತೆಳು ರಬ್ಬರು ಹಾಕಿಸಿದರು. ಸದ್ದು ಬಹಳ ಇಳಿಯಿತು, ಪೂರ್ಣ ಅಡಗಲಿಲ್ಲ. ಓಡುವವನ ಪ್ರತಿ ಹೆಜ್ಜೆಯೂ ಅವನ ತೂಕದ ಎರಡು ಮೂರು ಪಟ್ಟು ಬಲದಿಂದ ಬೀಳುವುದು, ಅದರಿಂದೇಳುವ ಗುಡುಗಿನಂತಹ ಮಂದ್ರಸ್ವರವನ್ನು ಮನೆಯೊಳಗೆ ಹಾಸುವಷ್ಟು ದಪ್ಪದ ಯಾವ ಹಾಸೂ ಸಂಪೂರ್ಣ ನುಂಗಲಾರದು. ಉಳಿದದ್ದನ್ನು ಹೊತ್ತು ಬದಲಾಯಿಸಿಯೇ ಸರಿಪಡಿಸಬೇಕಾಯಿತು. ತಂದೆಮಗ ಈಗ ಸಂಜೆ ಆರಕ್ಕೆ ಓಡುತ್ತಾರೆ. ಸದ್ದಿಲ್ಲದ ಹಾಸು ಎಂದು ಮಾರುವವರ ಮಾತನ್ನು ಇದರಿಂದ ತೂಗಿ ನೋಡಬಹುದು.

ಹಾಸನ್ನು ಆರಿಸುವ ಮುನ್ನ ನಿಮ್ಮ ನೆಲ ಯಾವುದೆಂದು ನೋಡತಕ್ಕದ್ದು. ಹಳೆಯ ಕಟ್ಟಡಗಳ ಮೊಸಾಯಿಕ್ ಲಾದಿ ದಪ್ಪವಾದುದು, ಸಹನೆಯುಳ್ಳದ್ದು. ಮುಂಬಯಿ, ಪುಣೆ, ಹೈದರಾಬಾದುಗಳ ಎಷ್ಟೋ ಹಳೆಯ ಮನೆಗಳಲ್ಲಿ ಹಾಸಿರುವ ಶಹಾಬಾದಿ ಫರಸಿ ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ಊರು ಬಿಟ್ಟು ಬಂದವರಲ್ಲಿ ಅದೂ ಒಂದೆಂದು ನಾವು ತರಗತಿಯಲ್ಲಿ ಹೇಳುವುದುಂಟು. ಪದರ ಪದರವಾದ ಸುಣ್ಣಗಲ್ಲಾದುದರಿಂದ ಅದು ನಿಂತ ಭಾರವನ್ನು ಚೆನ್ನಾಗಿ ಹೊರುತ್ತದೆ, ಚೂಪಾದ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಹೊಸ ಕಟ್ಟಡಗಳ ಹೊಳೆಯುವ ವಿಟ್ರಿಫೈಡ್ ಲಾದಿ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ದಪ್ಪದ್ದು. ಅದರ ಮೈ ಗಟ್ಟಿ. ಆದರೆ ಕೂರಿಸುವಾಗ ಕೆಳಗೆ ಗಾರೆ ಸರಿಯಾಗಿ ತುಂಬದೆ ಹೋದರೆ ಅಲ್ಲಿ ಟೊಳ್ಳು ಉಳಿಯುತ್ತದೆ, ಒಡೆಯುವುದೂ ಅಲ್ಲಿಯೇ. ಒಂದು ನಾಣ್ಯದಿಂದ ಲಾದಿಯ ನಾಲ್ಕು ಮೂಲೆ ಮತ್ತು ನಡುವನ್ನು ಮೆಲ್ಲನೆ ತಟ್ಟಿ ಕೇಳಿರಿ. ಎಳನೀರಿಗೂ ಒಣ ಕೊಬ್ಬರಿಗೂ ಸದ್ದಿನಲ್ಲಿರುವ ಭೇದ ಬಲ್ಲವರಿಗೆ ಟೊಳ್ಳು ಎಲ್ಲಿದೆಯೆಂದು ಕೂಡಲೆ ತಿಳಿಯುವುದು. ಅಂತಹ ಲಾದಿಯ ಮೇಲೆ ಯಂತ್ರದ ಕಾಲನ್ನು ಇಡಬಾರದು. ಹಾಸು ಎಷ್ಟು ಒಳ್ಳೆಯದಾದರೂ ಇಡಬಾರದು.

ಯಂತ್ರದ ಭಾರಕ್ಕೆ ಸ್ಲ್ಯಾಬೇ ಕುಸಿದೀತೇ ಎಂದು ಕೆಲವು ತಾಯಂದಿರು ನಮ್ಮನ್ನು ಕೇಳಿದ್ದಾರೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 875 ಎಂಬ ನಿಯಮಾವಳಿಯ 1987ರ ಎರಡನೆಯ ಭಾಗದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ ಭಾರ ಹೊರುವಂತೆ ಲೆಕ್ಕಹಾಕಿ ಕಟ್ಟಬೇಕು. ಆದುದರಿಂದ ಸುಸ್ಥಿತಿಯಲ್ಲಿರುವ ಕಟ್ಟಡದಲ್ಲಿ ಒಂದು ಟ್ರೆಡ್‌ಮಿಲ್ಲಿಗೆ ಅಂಜಬೇಕಾದುದಿಲ್ಲ. ಮರದ ತೊಲೆಗಳ ಹಳೆಯ ಚಾಳುಗಳ ಮಾತು ಬೇರೆ; ಸೂರಿನಿಂದ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿರುವ ಕಟ್ಟಡಗಳ ಮಾತೂ ಬೇರೆ. ಅಲ್ಲಿ ನೆಲಹಾಸಿನ ಪ್ರಶ್ನೆಯೇ ಏಳದು. ಇಂಜಿನಿಯರನ್ನು ಕೇಳದೆ ಭಾರದ ಯಂತ್ರವನ್ನು ಒಳಗೆ ತರಕೂಡದು. ಹೊರಚಾಚಿದ ಬಾಲ್ಕನಿಯಲ್ಲಿ ಗಾಳಿ ಬರುತ್ತದೆಂದು ಯಂತ್ರ ಇಡುವವರಿದ್ದಾರೆ. ಮಳೆಗೆ ನೆನೆದು ನೆನೆದು ಅದರ ಒಳಗಿನ ಸರಳುಗಳ ಸ್ಥಿತಿ ಏನಾಗಿದೆಯೋ ಹೊರಗಿನಿಂದ ತಿಳಿಯದಾದುದರಿಂದ ಅದು ತರವಲ್ಲ.

ಪೇಟೆಯಲ್ಲಿ ಸಿಕ್ಕುವ ಹಾಸುಗಳಲ್ಲಿ ಹೆಚ್ಚು ಕಾಣುವುದು ಮೇಲೆ ಹೇಳಿದ ಫೋಮಿನ ಚೌಕಗಳು. ಅವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದಂಡ, ಬಸ್ಕಿ, ಆಸನಗಳಿಗೆ, ಚಿಕ್ಕ ಮಕ್ಕಳ ಲಾಗಕ್ಕೆ ಅವು ಉತ್ತಮ. ಮೊಳಕಾಲು ಮೊಳಕೈಗಳನ್ನು ಕಾಯುತ್ತವೆ, ಹಗುರ, ಅಗ್ಗ. ಭಾರದ ಯಂತ್ರದ ಕೆಳಗೆ ಮಾತ್ರ ಅವು ಸಲ್ಲವು. ಒಮ್ಮೆ ಕುಗ್ಗಿದ ಫೋಮು ಮತ್ತೆ ಮೊದಲಿನಂತೆ ಏಳುವುದಿಲ್ಲ. ರಬ್ಬರಿನ ಹಾಳೆಗಳಲ್ಲಿ ಬಹುಪಾಲು ಹಳೆಯ ಟಯರುಗಳನ್ನು ಕಾಳುಗಳಾಗಿ ಒಡೆದು ಅಂಟಿನಿಂದ ಒತ್ತಿ ಮಾಡಿದವು. ಕಪ್ಪು ಮೈಯ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. 10 ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ ಸುಮಾರು 9-10 ಕಿಲೋ ತೂಗಬೇಕು. ಎತ್ತಿದಾಗ ತೀರ ಹಗುರವಾಗಿದ್ದರೆ ಕಾಳುಗಳ ನಡುವೆ ಗಾಳಿಯೇ ಹೆಚ್ಚೆಂದು ತಿಳಿಯಬೇಕು. ಇದಕ್ಕೆ ಎರಡು ಅವಗುಣಗಳುಂಟು. ಮೊದಲ ಕೆಲವು ವಾರ ಟಯರಿನ ವಾಸನೆ. ಬಿಸಿಲು ಗಾಳಿ ಬೀಳುವಲ್ಲಿ ಹರಡಿಟ್ಟು ಅನಂತರ ಒಳಗೆ ತರುವುದು ಲೇಸು. ಎರಡನೆಯದು ಕಲೆ. ತಿಳಿಬಣ್ಣದ ಅಮೃತಶಿಲೆ ಅಥವಾ ವಿನೈಲ್ ನೆಲದ ಮೇಲೆ ರಬ್ಬರನ್ನು ನೇರವಾಗಿ ತಿಂಗಳುಗಟ್ಟಲೆ ಬಿಟ್ಟರೆ ಅದರೊಳಗಿನ ರಾಸಾಯನಿಕಗಳು ನೆಲಕ್ಕಿಳಿದು ಕಂದುಬಣ್ಣದ ಕಲೆ ಮಾಡುತ್ತವೆ. ಅದು ಸಾಬೂನಿಗೆ ಹೋಗುವಂತಹದಲ್ಲ. ಅಂತಹ ನೆಲಕ್ಕೆ ನಡುವೆ ಪ್ಲೈವುಡ್ಡು ಬೇಕು.

ತೆಳುವಾದ ಪಿ.ವಿ.ಸಿ. ಹಾಸು ಬೆವರನ್ನೂ ಗೀರನ್ನೂ ತಡೆಯುತ್ತದೆ, ಪೆಟ್ಟನ್ನಲ್ಲ. ನಿಂತಲ್ಲೇ ತುಳಿಯುವ ಸೈಕಲ್ಲಿಗೆ ಅದು ಸಾಕು. ನಾರಿನ ಚಾಪೆ ಧೂಳನ್ನು ಉದುರಿಸುತ್ತದೆ. ಜಮಖಾನೆ ನುಣುಪಾದ ಲಾದಿಯ ಮೇಲೆ ಜಾರುತ್ತದೆ. ಕೈಯಲ್ಲಿ ತೂಕ ಹಿಡಿದು ಜಮಖಾನೆಯ ಮೇಲೆ ನಿಲ್ಲುವುದು ಅಪಾಯವನ್ನು ಆಹ್ವಾನಿಸಿದಂತೆ. ರೋಮದ ಕಾರ್ಪೆಟ್ಟಿನ ಮೇಲೆ ಟ್ರೆಡ್‌ಮಿಲ್ಲು ಇಟ್ಟರೆ ಎಳೆಗಳೂ ಧೂಳೂ ಮೋಟಾರಿನೊಳಗೆ ಸೇರುತ್ತವೆ.

ಹಾಗಾದರೆ ಯಾವುದಕ್ಕೆ ಯಾವುದು? ಬರಿಮೈಯ ಸಾಮಿಗೆ ಜಾರದ ತೆಳು ಹಾಸು ಸಾಕು. ಟ್ರೆಡ್‌ಮಿಲ್ಲಿಗೆ 8-10 ಮಿಲಿಮೀಟರಿನ ಒತ್ತಾದ ರಬ್ಬರು, ಕೆಳಗೆ ಮನೆಯಿದ್ದರೆ ಹಲಗೆಯ ಪದರವೂ ಕೂಡ. ಹಲಗೆ 18-19 ಮಿಲಿಮೀಟರ್ ದಪ್ಪದ ಪ್ಲೈವುಡ್ಡಾಗಿರಲಿ, ಯಂತ್ರದ ಅಡಿಯುದ್ದಕ್ಕೂ ಒಂದೇ ತುಂಡಾಗಿರಲಿ. ಡಂಬೆಲ್ಲು ಇಳಿಸುವ ಜಾಗಕ್ಕೆ 10ರಿಂದ 15 ಮಿಲಿಮೀಟರಿನ ರಬ್ಬರು ಬೇಕು. ಬಾರ್ಬೆಲ್ಲನ್ನು ತಲೆಯ ಮೇಲೆತ್ತಿ ಕೆಡಹುವ ಅಭ್ಯಾಸ ಮಾತ್ರ ಮಹಡಿಯ ಮನೆಗಳಿಗೆ ಹೇಳಿದ್ದಲ್ಲ. ಎರಡಂಗುಲ ಹಾಸಿದರೂ ನಾವು ಒಪ್ಪೆವು. ಭಾರ ಎತ್ತುವ ಸ್ಪರ್ಧೆಗಳ ವೇದಿಕೆಯೇ 4 ಮೀಟರ್ ಚೌಕದ್ದು, ಅಲ್ಲಿನ ತೂಕದ ಬಿಲ್ಲೆಗಳಿಗೇ ರಬ್ಬರು ಹೊದಿಸಿರುತ್ತಾರೆ. ಅಭ್ಯಾಸದ ವೇದಿಕೆಗಳಲ್ಲಿ ಕಾಲು ಊರುವ ನಡುಭಾಗ ಗಟ್ಟಿ ಮರದ್ದು, ಬಿಲ್ಲೆ ಬೀಳುವ ಎರಡು ಬದಿ ರಬ್ಬರಿನದು. ಇದರಲ್ಲಿ ಮನೆಯವರು ಕಲಿಯಬೇಕಾದ ಸೂಕ್ಷ್ಮವೊಂದಿದೆ: ತೂಕ ಎತ್ತುವವನ ಪಾದದ ಕೆಳಗೆ ಮೆತ್ತನೆಯದು ಇರಕೂಡದು. ಮೆತ್ತನೆಯದರ ಮೇಲೆ ನಿಂತು ಎತ್ತಿದರೆ ಕಣಕಾಲು ಅತ್ತಿತ್ತ ಹೊರಳುವುದು.

ಜಾಗದ ಆಯ್ಕೆಯೂ ಹಾಸಿನ ಆಯ್ಕೆಯಷ್ಟೇ ಮುಖ್ಯ. ಸ್ಲ್ಯಾಬಿನ ನಡುಭಾಗ ಹೆಚ್ಚು ಅದಿರುತ್ತದೆ. ತೊಲೆ ಕಂಬಗಳ ಬಳಿ ಕಡಿಮೆ. ಟ್ರೆಡ್‌ಮಿಲ್ಲಿನ ಬೆನ್ನು ಗೋಡೆಗೆ ತಾಗುವಂತೆ ಎಂದೂ ಇಡಬಾರದು. ಹಿಂದೆ ಸುಮಾರು 2 ಮೀಟರ್ ಬಯಲಿರಬೇಕು. ಓಡುತ್ತಾ ಎಡವಿದವನನ್ನು ಪಟ್ಟಿ ಹಿಂದಕ್ಕೆಸೆಯುವುದರಿಂದ ಆ ಬಯಲೇ ಅವನ ರಕ್ಷೆ. ಹಾಸೂ ಯಂತ್ರದ ಅಳತೆಗೆ ನಿಲ್ಲದೆ ಹಿಂದಕ್ಕೆ ಚಾಚಿಕೊಂಡಿದ್ದರೆ ಒಳ್ಳೆಯದು. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಯಂತ್ರದ ಸುರಕ್ಷಾ ಕೀಲಿಯನ್ನು ತೆಗೆದು ಎತ್ತರದಲ್ಲಿಡುವ ಕೆಲಸವನ್ನು ಈ ಪತ್ರಿಕೆಯನ್ನು ಓದುವ ದೊಡ್ಡ ಮಕ್ಕಳೇ ವಹಿಸಿಕೊಳ್ಳಲಿ. ಹಾಸಿನ ಅಂಚು ಎದ್ದು ನಿಂತು ಹಿರಿಯರ ಕಾಲಿಗೆ ತೊಡರದಂತೆ ಇಳಿಜಾರು ಅಂಚಿನ ಪಟ್ಟಿ ಸಿಕ್ಕುವುದು. ಅದನ್ನು ಕೊಳ್ಳಲು ಹಿಂಜರಿಯಬಾರದು. ಬಾಡಿಗೆಯವರು ಹಾಸನ್ನು ಲಾದಿಗೆ ಅಂಟಿಸಕೂಡದು. ಭಾರದ ರಬ್ಬರು ತನ್ನ ತೂಕದಿಂದಲೇ ನಿಲ್ಲುತ್ತದೆ.

ಕೊಳ್ಳುವ ಮೊದಲು ಅಂಗೈಯಗಲದ ಒಂದು ತುಂಡನ್ನು ಅಂಗಡಿಯಲ್ಲಿ ಕೇಳಿ ತನ್ನಿರಿ. ಒಳ್ಳೆಯ ವ್ಯಾಪಾರಿ ಇಲ್ಲವೆನ್ನನು. ಅದನ್ನು ತುಂಬಿದ ಕಪಾಟಿನ ಕಾಲಿನ ಕೆಳಗೆ ಎರಡು ದಿನವಿಟ್ಟು ತೆಗೆದು ನೋಡಿದರೆ, ಗುಳಿ ಮರುದಿನಕ್ಕೆ ಮಾಯವಾಗುವುದೋ ಉಳಿಯುವುದೋ ಕಾಣುವುದು. ಒದ್ದೆಮಾಡಿದ ಬಿಳಿಯ ಬಟ್ಟೆಯಿಂದ ಬಲವಾಗಿ ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುವುದು. ಲೆಕ್ಕ ಮಾಡಲು ನಮ್ಮ ಏಳನೆಯ ತರಗತಿಯ ಕ್ಷೇತ್ರಫಲದ ಪಾಠ ಸಾಕು. ಮಾರುವವರು ಚದರಡಿಗೆ ದರ ಹೇಳುತ್ತಾರೆ, ಹಾಳೆಯ ಅಳತೆಯನ್ನು ಮೀಟರಿನಲ್ಲಿ ಬರೆದಿರುತ್ತಾರೆ. ಒಂದು ಚದರ ಮೀಟರಿಗೆ 10.76 ಚದರಡಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು.

ಮುಂಬಯಿಯ ಮಳೆಗಾಲದಲ್ಲಿ ಹಾಸಿನ ಕೆಳಗೆ ತೇವ ಸೇರಿ ಬೂಷ್ಟು ಬೆಳೆಯುತ್ತದೆ. ಹಲಗೆಯ ಪದರವಿದ್ದರಂತೂ ಹೆಚ್ಚು. ಹದಿನೈದು ದಿನಗಳಿಗೊಮ್ಮೆ ಒಂದು ಅಂಚನ್ನಾದರೂ ಎತ್ತಿ ಗಾಳಿಯಾಡಿಸಿ, ಒಣಬಟ್ಟೆಯಿಂದ ಒರೆಸಬೇಕು. ತಳದಲ್ಲಿ ಗೀಟು ಗೀಟಾಗಿ ಕಾಲುವೆಗಳಿರುವ ರಬ್ಬರು ಸಿಕ್ಕಿದರೆ ತೇವ ನಿಲ್ಲುವುದು ಕಡಿಮೆ. ಬೆವರು ಬಿದ್ದ ಜಾಗವನ್ನು ಅಂದಂದೇ ಒರೆಸತಕ್ಕದ್ದು. ತೊಳೆಯಲು ಸಾಬೂನಿನ ನೀರು ಸಾಕು. ಕಲೆ ತೆಗೆಯುವೆವೆಂದು ಸೀಮೆಎಣ್ಣೆಯನ್ನಾಗಲಿ ಪೆಟ್ರೋಲನ್ನಾಗಲಿ ಸೋಕಿಸಬಾರದು. ರಬ್ಬರು ಉಬ್ಬಿ ಕಾಳುಕಾಳಾಗಿ ಬಿಡಿಸಿಕೊಳ್ಳುತ್ತದೆ. ಯಂತ್ರದ ಪಟ್ಟಿಗೆ ಹಾಕುವ ಎಣ್ಣೆಯೂ ಹಾಸಿನ ಮೇಲೆ ತೊಟ್ಟಿಕ್ಕದಂತೆ ಹಳೆಯ ಪತ್ರಿಕೆಯೊಂದನ್ನು ಕೆಳಗೆ ಹರಡಿಕೊಳ್ಳಬೇಕು. ತೊಟ್ಟಿಕ್ಕಿದರೆ ಆಗಲೇ ಒರೆಸಬೇಕು, ಮರುದಿನ ಅದೇ ಜಾಗದಲ್ಲಿ ಕಾಲು ಜಾರುವುದು.